ಸಾಮಾನು ಕೆಟ್ಟರೆ ಕಟ್ಟಿದವನೇ ಮೊದಲು ಬರಬೇಕು: ಜೊತೆಯ ಗುತ್ತಿಗೆದಾರರಿಗೆ ಉತ್ತರ

ಯಲಹಂಕ, ಸಹಕಾರನಗರ, ಹೆಬ್ಬಾಳ, ಆರ್.ಟಿ. ನಗರದ ಸುತ್ತ ಮನೆ ಕಟ್ಟಿಕೊಡುವ ಕಸುಬಿನಲ್ಲಿ ನನಗೆ ಇಪ್ಪತ್ತು ವರ್ಷ ದಾಟಿತು. ಈಚೆಗೆ ಗೆಳೆಯರೊಬ್ಬರ ಮನೆಯ ಮದುವೆಯಲ್ಲಿ ನಮ್ಮ ಕಸುಬಿನವರೇ ಏಳೆಂಟು ಮಂದಿ ಒಂದೇ ಪಂಕ್ತಿಯಲ್ಲಿ ಕೂತಿದ್ದೆವು. ತಾರಸಿ ಸೋರುವ ಮಾತು ಬಂತು. ನಾನು ಹೇಳಿದ್ದು ಇಷ್ಟೆ: ಕಟ್ಟಿಕೊಟ್ಟ ಮನೆಯಲ್ಲಿ ಒಂದು ಸಾಮಾನು ಬಾಳಬೇಕಾದಷ್ಟು ದಿನ ಬಾಳದೆ ಕೆಟ್ಟರೆ, ಅದನ್ನು ತಯಾರಿಸಿದವರು ಯಾರೇ ಆಗಿರಲಿ, ಮನೆಯವರ ಜೊತೆ ನಿಂತು ವಾರಂಟಿ ಕೇಳಿ ಕೊಡಿಸುವ ಹೊಣೆ ಕಟ್ಟಿದವನದು. ಎಲೆ ಎತ್ತುವ ಹೊತ್ತಿಗೆ ಎಲ್ಲರೂ ನನ್ನ ಮೇಲೆ ತಿರುಗಿಬಿದ್ದಿದ್ದರು. ಅವರಾರೂ ಮೋಸಗಾರರಲ್ಲ. ಮಳೆಯಲ್ಲಿ ನೆನೆದು, ಸಾಲ ಮಾಡಿ ಕೂಲಿ ಬಟವಾಡೆ ಮಾಡಿ ಕೆಲಸ ಮುಗಿಸುವವರು. ಅದಕ್ಕೇ ಅವರ ಮಾತುಗಳನ್ನು ತಳ್ಳಿಹಾಕದೆ ಒಂದೊಂದಾಗಿ ಎತ್ತಿಕೊಂಡು ಉತ್ತರಿಸುತ್ತಿದ್ದೇನೆ.

ಅದಕ್ಕೂ ಮೊದಲು ನನಗೆ ಈ ಬುದ್ಧಿ ಬಂದದ್ದು ಹೇಗೆಂದು ಹೇಳಬೇಕು. ಕೆಲವು ವರ್ಷಗಳ ಹಿಂದೆ ಸಹಕಾರನಗರದಲ್ಲಿ 30x40 ಸೈಟಿನಲ್ಲಿ ಒಂದು ಮನೆ ಮುಗಿಸಿ ಏಪ್ರಿಲ್‌ನಲ್ಲಿ ಬೀಗದ ಕೈ ಕೊಟ್ಟೆ. ಎರಡನೆಯ ಮಳೆಗಾಲಕ್ಕೆ ಮಹಡಿಯ ಮಲಗುವ ಕೋಣೆಯ ಸೂರಿನಲ್ಲಿ ತಟ್ಟೆಯಗಲದ ಕಲೆ. ತಾರಸಿಗೆ ಹತ್ತಿ ನೋಡಿದರೆ ವಾಟರ್‌ಪ್ರೂಫಿಂಗ್ ಕೋಟಿಂಗ್ ಗುಳ್ಳೆ ಎದ್ದು, ಉಗುರಲ್ಲಿ ಎಳೆದರೆ ಹಾಳೆಯ ಹಾಗೆ ಸುಲಿದು ಬರುತ್ತಿತ್ತು. ಬಕೆಟ್ ಮೇಲೆ ಏಳು ವರ್ಷ ವಾರಂಟಿ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಸಾಮಾನು ಅದು. ಕಂಪನಿಯ ಹುಡುಗ ಬಂದ, ಮೀಟರ್ ಇಟ್ಟು ತೇವ ನೋಡಿದ, ಮೂರು ವಸ್ತು ಕೇಳಿದ: ಬಿಲ್ಲು, ಬ್ಯಾಚ್ ನಂಬರು, ಕೋಟಿಂಗ್ ಹೊಡೆಯುವ ಮುಂಚೆ ನೆಲ ಹೇಗಿತ್ತೆಂಬ ಫೋಟೊ. ನನ್ನ ಬಳಿ ಇದ್ದದ್ದು ಅಂಗಡಿಯವನು ಪೆನ್ನಿನಲ್ಲಿ ಗೀಚಿಕೊಟ್ಟ ಎಸ್ಟಿಮೇಟ್ ಚೀಟಿ ಮಾತ್ರ.

ಆಗ ನೆನಪಾಯಿತು. ಖಾಲಿ ಬಕೆಟ್‌ಗಳನ್ನು ಕೆಲಸದವರು ಮನೆಗೆ ಒಯ್ದಿದ್ದರು. ಎರಡು ಬೀದಿ ಆಚೆ ಇನ್ನೊಂದು ಕಟ್ಟಡಕ್ಕೆ ಕಾವಲಿದ್ದ ಯಾದಗಿರಿ ಕಡೆಯ ದಂಪತಿಯ ಶೆಡ್ಡಿಗೆ ಹೋದೆ. ಆ ತಾಯಿ ಕುಡಿಯುವ ನೀರು ತುಂಬಿಟ್ಟಿದ್ದ ಬಕೆಟ್ ತೋರಿಸಿ, "ಇದಾ ನೋಡ್ರಿ ಸಾಹೇಬ್ರ, ಮುಚ್ಚಳ ಸಮೇತ ಐತಿ" ಎಂದಳು. ಉಜ್ಜಿ ಉಜ್ಜಿ ಅರ್ಧ ಮಾಸಿದ್ದ ಮುಚ್ಚಳದ ಅಂಚಿನಲ್ಲಿ ಬ್ಯಾಚ್ ನಂಬರೂ ತಯಾರಾದ ತಿಂಗಳೂ ಇನ್ನೂ ಕಾಣುತ್ತಿದ್ದವು. ನಾನು ಕೊಳ್ಳುವ ಹೊತ್ತಿಗಾಗಲೇ ಆ ಸಾಮಾನಿನ ಬಳಕೆಯ ಅವಧಿ ಮುಗಿದಿತ್ತು. ಅಂಗಡಿಯವನು ಹಳೇ ದಾಸ್ತಾನು ಸಾಗಹಾಕಿದ್ದ. ಆ ಬ್ಯಾಚು ಅದೇ ಅಂಗಡಿಗೆ ಬಂದದ್ದೆಂದು ಕಂಪನಿಯ ಲೆಕ್ಕವೇ ಹೇಳಿತು. ಹೊಸ ಸಾಮಾನು ಬಂತು. ಹಳೆಯದನ್ನು ಕೆರೆದು ತೆಗೆದು ಮತ್ತೆ ಹೊಡೆಸಿದ ಕೂಲಿ 18,000 ರೂಪಾಯಿ ನನ್ನ ಕೈಯಿಂದ ಹೋಯಿತು. ಆ ಮುಚ್ಚಳ ಗುಜರಿಗೆ ಹೋಗಿದ್ದರೆ ಮನೆಯವರಿಗೆ ಸಿಗುತ್ತಿದ್ದದ್ದು ನನ್ನ ಸಬೂಬು ಮಾತ್ರ. ಇನ್ನು ಆಕ್ಷೇಪಗಳಿಗೆ ಬರುತ್ತೇನೆ.

1. "ಸಾಮಾನು ಮಾಡಿದ್ದು ಕಂಪನಿ. ಕೆಟ್ಟರೆ ಕಂಪನಿಯನ್ನು ಕೇಳಲಿ."

ಕೇಳುವುದು ಹೇಗೆ? ಚದರಕ್ಕೆ ಇಷ್ಟು ಎಂದು ವಿತ್ ಮೆಟೀರಿಯಲ್ ಒಪ್ಪಂದ ಮಾಡಿಕೊಂಡ ಮನೆಯಲ್ಲಿ ಅಂಗಡಿ ಆರಿಸಿದವರು ನಾವು, ದರ ಕುದುರಿಸಿದವರು ನಾವು, ಬಿಲ್ಲು ಆಗಿದ್ದರೆ ಅದು ನಮ್ಮ ಹೆಸರಿಗೆ. ಯಾವ ಡೀಲರ್, ಯಾವ ಬ್ಯಾಚು, ಯಾರು ಹೊಡೆದರು ಎಂಬ ಒಂದು ವಿವರವೂ ಮನೆಯವರ ಕೈಯಲ್ಲಿಲ್ಲ. ಅವರನ್ನು ಬರಿಗೈಯಲ್ಲಿ ಕಂಪನಿಯ ಸಹಾಯವಾಣಿಗೆ ಕಳಿಸುವುದು ಚೀಟಿ ಕೊಡದೆ ರೇಷನ್ ಅಂಗಡಿಗೆ ಅಟ್ಟಿದ ಹಾಗೆ.

ಬಿಲ್ಲು ಯಾಕೆ ಇರುವುದಿಲ್ಲ ಎಂಬುದೂ ನಮಗೆ ಗೊತ್ತು. 2025ರ ಸೆಪ್ಟೆಂಬರ್ 22ರಂದು ಶೇ 18ಕ್ಕೆ ಇಳಿಯುವವರೆಗೆ ಸಿಮೆಂಟಿನ ಮೇಲೆ ಶೇ 28 ಜಿಎಸ್‌ಟಿ ಇತ್ತು. "ಬಿಲ್ ಬೇಡ ಅಂದ್ರೆ ಇಷ್ಟು ಬಿಡ್ತೀನಿ" ಎಂದು ಅಂಗಡಿಯವನು ಹೇಳಿದಾಗ ನಾವೂ ತಲೆಯಾಡಿಸಿದ್ದೇವೆ, ಮನೆಯವರೂ ತಲೆಯಾಡಿಸಿದ್ದಾರೆ. ಸಾಮಾನು ಕೆಟ್ಟ ದಿನ ವಾರಂಟಿ ಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಅದು ಲಾರಿಯಿಂದ ಸಾಮಾನು ಇಳಿದ ದಿನವೇ ಹೋಗಿರುತ್ತದೆ. ಅಂದು ಸೈಟಿನಲ್ಲಿ ನಿಂತಿದ್ದವರು ಮನೆಯವರಲ್ಲ, ನಾವು.

ಕಾನೂನಿನ ದಾರಿಯೂ ಇದೇ. 1993ರ ತಿದ್ದುಪಡಿಯಲ್ಲೇ ಮನೆ ನಿರ್ಮಾಣವನ್ನು ಗ್ರಾಹಕ ಕಾಯ್ದೆಯ 'ಸೇವೆ'ಯೊಳಗೆ ಸೇರಿಸಲಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2019ರ ಹೊಸ ಕಾಯ್ದೆಯಲ್ಲೂ ಆ ಮಾತು ಹಾಗೇ ಇದೆ. ಸೋರದ ಮನೆ ಕೊಡುತ್ತೇನೆಂದು ಹಣ ಪಡೆದವನು ನಾನು. ಕಂಪನಿ ಕೊಟ್ಟಿದ್ದು ಬಕೆಟ್ಟನ್ನು, ಮನೆಯನ್ನಲ್ಲ.

2. "ನಮ್ಮದು ಬರೀ ಲೇಬರ್ ಕಾಂಟ್ರಾಕ್ಟ್. ಸಾಮಾನು ಓನರೇ ತಂದಿದ್ದು."

ಈ ಮಾತಿನಲ್ಲಿ ನ್ಯಾಯವಿದೆ, ಅರ್ಧದಷ್ಟು. ಮನೆಯವರು ತಾವೇ ಆರಿಸಿ ತಂದ ಟೈಲ್ಸ್‌ನ ಬಣ್ಣ ಮಾಸಿದರೆ ಅದರ ಬೆಲೆ ನಮ್ಮ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಅವರು ನಮಗೆ ಕೂಲಿ ಕೊಡುವುದು ನಮ್ಮ ಕೈಗೆ ಮಾತ್ರವಲ್ಲ, ಕಣ್ಣಿಗೂ ಸೇರಿಸಿಯೇ.

ಆರ್.ಟಿ. ನಗರದ ಒಂದು ಮನೆಯಲ್ಲಿ ಅಡುಗೆಮನೆಯ ಸಿಂಕಿನ ಕೆಳಗೆ ಹಾಕಲು ಮನೆಯವರು ಪ್ಲೈವುಡ್ ತಂದರು. ಮೇಲೆ 710 ಎಂಬ ಮುದ್ರೆ ಇತ್ತು. ಐಎಸ್ 710 ಎಂದರೆ ನೀರಿಗೆ ಜಗ್ಗದ ಮೆರೈನ್ ಪ್ಲೈ. ಹಲಗೆ ಎತ್ತಿದ ಕೂಡಲೇ ಬಡಗಿಗೆ ಅನುಮಾನ ಬಂದಿತ್ತು. ತೂಕ ಸಾಲದು, ಅಂಚಿನಲ್ಲಿ ಪದರಗಳ ನಡುವೆ ಸಂದು. "ಅವರೇ ತಂದಿದಾರೆ, ನಮಗ್ಯಾಕೆ" ಎಂದು ಸುಮ್ಮನೆ ಕೊಯ್ದ. ಎಂಟು ತಿಂಗಳಿಗೆ ಬಾಗಿಲು ಉಬ್ಬಿ ಮುಚ್ಚದಾಯಿತು. ಮುದ್ರೆಯ ಜೊತೆ ಇರುವ ಲೈಸೆನ್ಸ್ ನಂಬರನ್ನು ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದ್ದರೆ ಅಸಲಿಯೋ ನಕಲಿಯೋ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಆ ಮುದ್ರೆಯ ಅರ್ಥ ಮನೆಯವರಿಗೆ ಗೊತ್ತಿರಲಿಲ್ಲ, ಬಡಗಿಗೆ ಗೊತ್ತಿತ್ತು.

ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದರೆ ಮತ್ತೆ ಪರೀಕ್ಷೆ ಮಾಡಿಸದೆ ಬಳಸಬಾರದು. ಎಂ-ಸ್ಯಾಂಡನ್ನು ಬಾಟಲಿಯ ನೀರಿಗೆ ಹಾಕಿ ಅಲುಗಾಡಿಸಿ ಇಟ್ಟರೆ ಮೇಲೆ ಕೂರುವ ಪುಡಿಯ ಪದರ ನೋಡಿ ಅದು ಒಳ್ಳೆಯ ಸ್ಯಾಂಡೋ ಕ್ರಷರ್ ಧೂಳೋ ಎಂದು ಊಹಿಸಬಹುದು. ಲೋಡ್ ರಾತ್ರಿ ಹನ್ನೊಂದಕ್ಕೆ ಬಂದು ಸುರಿದು ಹೋಗುವ ಊರಿನಲ್ಲಿ ಬೆಳಿಗ್ಗೆ ಇದನ್ನು ನೋಡುವವರು ನಾವಲ್ಲದೆ ಇನ್ಯಾರು? ಸರಿಯಿಲ್ಲದ ಸಾಮಾನು ಕಂಡರೆ ಹೇಳಬೇಕು, ಆ ಮಾತನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದೂ ಇಡಬೇಕು. ಆಮೇಲೂ ಮನೆಯವರು ಹಾಕಿ ಎಂದರೆ ಹೊಣೆ ಅವರದು. ಬಾಯಿ ಮುಚ್ಚಿಕೊಂಡು ಹಾಕಿದರೆ ಹೊಣೆಯಲ್ಲಿ ನಮಗೂ ಪಾಲಿದೆ.

3. "ಬೋರ್ ನೀರು, ಬಿಸಿಲು, ಮನೆಯವರ ಅಜಾಗರೂಕತೆ. ಅದಕ್ಕೆ ನಾವೇನು ಮಾಡೋಣ?"

ಉತ್ತರ ಬೆಂಗಳೂರಿನ ಬೋರ್‌ವೆಲ್ ನೀರು ಗಡಸು ಎಂಬುದು ನಿನ್ನೆ ಮೊನ್ನೆ ತಿಳಿದ ಸಂಗತಿಯಲ್ಲ. ಸಂಪಿನ ಗೋಡೆಗೆ ಬಿಳಿ ಪೊರೆ ಕಟ್ಟುವುದನ್ನು ನೋಡುತ್ತಲೇ ಬಂದಿದ್ದೇವೆ. ಕಾಂಕ್ರೀಟ್ ಕೆಲಸದ ಮಾನಕವಾದ ಐಎಸ್ 456 ಅದರ ನೀರಿಗೂ ಮಿತಿ ಹಾಕಿದೆ: ಕಬ್ಬಿಣ ಇರುವ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು, ಪಿಎಚ್ 6ಕ್ಕಿಂತ ಕಡಿಮೆ ಇರಬಾರದು. 2024ರ ಮಾರ್ಚ್‌ನ ನೀರಿನ ಬರದಲ್ಲಿ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಬಾರದೆಂದು ಹೇಳಿ ಸಂಸ್ಕರಿಸಿದ ನೀರಿನ ಕಡೆ ನಮ್ಮನ್ನು ತಿರುಗಿಸಿತು. ಅಂದಿನಿಂದಲಾದರೂ ನೀರಿನ ಪರೀಕ್ಷೆ ನಮ್ಮ ಪಟ್ಟಿಯ ಮೊದಲ ಸಾಲಾಗಬೇಕಿತ್ತು. ಮುಂಚೆಯೇ ಗೊತ್ತಿದ್ದ ಕಾರಣವನ್ನು ಆಮೇಲೆ ನೆಪವಾಗಿ ಒಡ್ಡುವುದು ಸಲ್ಲದು.

ಬಿಸಿಲಿನ ಮಾತೂ ಅಷ್ಟೆ. ಅದೇ ಐಎಸ್ 456 ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನೀರು ಕಟ್ಟಿ ಎನ್ನುತ್ತದೆ. ಇಂದು ನಾವು ಹಾಕುವ ಸಿಮೆಂಟಿನ ಬಹುಪಾಲು ಪಿಪಿಸಿಯೇ. ಮೂರನೆಯ ದಿನಕ್ಕೆ ಪೈಪ್ ಸುತ್ತಿಟ್ಟ ಸೈಟುಗಳನ್ನು ನಾನೂ ನಡೆಸಿದ್ದೇನೆ. ಹಸಿ ಸಾಲಿಡ್ ಬ್ಲಾಕ್ ತಂದು, ಅದು ಒಣಗಿ ಕುಗ್ಗುವ ಮುಂಚೆ ಗೋಡೆ ಎಬ್ಬಿಸಿ ಪ್ಲಾಸ್ಟರ್ ಹೊಡೆದರೆ ಬ್ಲಾಕಿನ ಸಾಲು ಹಿಡಿದು ಬಿರುಕು ಬಂದೇ ಬರುತ್ತದೆ. ಆಗ ನಾವು ಹೇಳುವ ಮಾತು: "ಹೇರ್ ಕ್ರ್ಯಾಕ್ ಸಾರ್, ಎಲ್ಲಾ ಮನೇಲೂ ಬರುತ್ತೆ." ಎಲ್ಲ ಮನೆಯಲ್ಲೂ ಬರುವುದು ಎಲ್ಲ ಕಡೆ ನಾವು ಅದೇ ಅವಸರ ಮಾಡುತ್ತಿರುವುದರಿಂದ. ಪ್ಲಾಸ್ಟರ್ ಹಸಿ ಆರುವ ಮುಂಚೆ ಪುಟ್ಟಿ, ಅದರ ಮೇಲೆ ದುಬಾರಿ ಬಣ್ಣ, ಆಮೇಲೆ ಗೋಡೆ ಉಪ್ಪು ಬಿಟ್ಟಿತೆಂದು ಬಣ್ಣದ ಕಂಪನಿಗೆ ಶಾಪ. ಕಂಪನಿಯವರು ಬಂದು "ಗೋಡೆ ತೇವ ಇತ್ತು" ಎಂದು ಬರೆದುಕೊಂಡು ಹೋಗುತ್ತಾರೆ, ಅವರು ಬರೆದದ್ದು ನಿಜವೂ ಆಗಿರುತ್ತದೆ. ಹೀಗೆ ವಾರಂಟಿ ತಿರಸ್ಕಾರವಾಗುವುದು ನಮ್ಮ ಕೆಲಸದಿಂದ, ಪೆಟ್ಟು ತಿನ್ನುವುದು ಮನೆಯವರು.

ನಿಜಕ್ಕೂ ನಮ್ಮ ಕೈ ಮೀರಿದ ಕಾರಣಗಳಿವೆ. 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರಕ್ಕೆ ನೀರು ನುಗ್ಗಿ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಅಂಥ ನೆರೆಯಲ್ಲಿ ನಿಂತ ಬಾಗಿಲು ಊದಿಕೊಂಡರೆ ಅದನ್ನು ಬಡಗಿಯ ತಪ್ಪೆನ್ನುವವರು ಯಾರೂ ಇಲ್ಲ. ಆದರೆ ಯಾವುದು ನೆರೆಯಿಂದ, ಯಾವುದು ಕಳಪೆಯಿಂದ ಎಂದು ನಿರ್ಧರಿಸಬೇಕಾದರೆ ಮೊದಲು ಹೋಗಿ ನೋಡಬೇಕು. ಫೋನಿನಲ್ಲೇ ತೀರ್ಪು ಕೊಡುವಂತಿಲ್ಲ.

4. "ಒಂದು ವರ್ಷ ಆಯ್ತು. ಇನ್ನು ನಮಗೂ ಅದಕ್ಕೂ ಸಂಬಂಧ ಇಲ್ಲ."

ಈ ಒಂದು ವರ್ಷ ಎಲ್ಲಿಂದ ಬಂತು? 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಕೈಗೆ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ ಬಿಲ್ಡರು 30 ದಿನದೊಳಗೆ ಹಣ ಪಡೆಯದೆ ಸರಿಪಡಿಸಬೇಕು. "ಅದು ಅಪಾರ್ಟ್‌ಮೆಂಟಿನವರಿಗೆ, ನಮಗಲ್ಲ" ಎಂದು ನೀವು ಹೇಳುತ್ತೀರಿ, ಸರಿ. 500 ಚದರ ಮೀಟರ್ ಒಳಗಿನ ಜಾಗಕ್ಕೆ ರೇರಾ ನೋಂದಣಿ ಬೇಕಿಲ್ಲ. ನಮ್ಮ 30x40 ಸೈಟು 111 ಚದರ ಮೀಟರ್, 40x60 ಆದರೂ 223. ಅದಕ್ಕಿಂತ ಮುಖ್ಯವಾಗಿ, ಸ್ವಂತ ಸೈಟಿನಲ್ಲಿ ತನಗಾಗಿ ಮನೆ ಕಟ್ಟಿಸುವವನು ಆ ಕಾಯ್ದೆಯ ನೆರಳಿಗೇ ಬರುವುದಿಲ್ಲ. ಆದರೆ ಒಂದು ಮಾತು ಯೋಚಿಸಿ. ಥಣಿಸಂದ್ರದ ಗೋಪುರದಲ್ಲಿ ಫ್ಲ್ಯಾಟ್ ಕೊಂಡವನ ಗೋಡೆ ಐದು ವರ್ಷ ನಿಲ್ಲಬೇಕು, ಪಕ್ಕದ ಬೀದಿಯಲ್ಲಿ ಜೀವಮಾನದ ಉಳಿತಾಯ ಸುರಿದು ಕಟ್ಟಿಸಿದವನ ಗೋಡೆ ಒಂದು ವರ್ಷ ನಿಂತರೆ ಸಾಕು ಎಂಬುದಕ್ಕೆ ಯಾವ ನ್ಯಾಯ? ಸಿಮೆಂಟು ಒಂದೇ, ಮಳೆಯೂ ಒಂದೇ.

ಸರ್ಕಾರಿ ಕೆಲಸ ನೋಡಿ. ವಾಟರ್‌ಪ್ರೂಫಿಂಗ್‌ಗೆ ಕೇಂದ್ರದ ಸಿಪಿಡಬ್ಲ್ಯುಡಿ 10 ವರ್ಷದ ಗ್ಯಾರಂಟಿ ಬರೆಸಿಕೊಂಡು, ಆ ಕೆಲಸದ ಹಣದಲ್ಲಿ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಒಪ್ಪಿ ಟೆಂಡರ್ ಹಾಕುವವರೂ ನಮ್ಮ ಕಸುಬಿನವರೇ.

ನಮ್ಮ ಊರಿನ ಮಳೆಯ ಲೆಕ್ಕವೂ ಇದೆ. ಬೆಂಗಳೂರಿನಲ್ಲಿ ಮಳೆ ಜೋರಾಗುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ನವೆಂಬರ್‌ನಲ್ಲಿ ಗೃಹಪ್ರವೇಶ ಆದ ಮನೆಯ ತಾರಸಿಗೆ ಒಂದು ವರ್ಷದಲ್ಲಿ ಸಿಗುವುದು ಒಂದೇ ಪರೀಕ್ಷೆ. ಎರಡು ಮಳೆಗಾಲ, ನಡುವೆ ಒಂದು ಬೇಸಿಗೆ ಕಳೆಯದೆ ಯಾವ ಕೋಟಿಂಗೂ ತನ್ನ ಗುಣ ತೋರಿಸುವುದಿಲ್ಲ. ನನ್ನ ಒಪ್ಪಂದದಲ್ಲಿ ಈಗ ವರ್ಷದ ಲೆಕ್ಕವಿಲ್ಲ. ತಾರಸಿ, ಬಚ್ಚಲು, ಸಂಪಿಗೆ ಮೂರು ಮಳೆಗಾಲ ಎಂದು ಬರೆಯುತ್ತೇನೆ.

5. "ಈ ರೇಟಿನಲ್ಲಿ ಅದಕ್ಕೆಲ್ಲ ಎಲ್ಲಿದೆ ಜಾಗ?"

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದು. ಇದನ್ನು ಹೇಳಿದ ಗೆಳೆಯನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಐದು ಕೊಟೇಶನ್ ತರಿಸಿ ಎಲ್ಲಕ್ಕಿಂತ ಕಡಿಮೆಯವನಿಗೆ ಕೊಡುವ ಮನೆಯವರು, ಕೊನೆಯ ಕಂತು ಕೊಡದೆ ಸತಾಯಿಸುವವರು, ಮೋಲ್ಡ್ ಹಾಕುವ ದಿನ ಬದಲಾವಣೆ ಹೇಳುವವರು, ಎಲ್ಲರನ್ನೂ ನಾನು ಕಂಡಿದ್ದೇನೆ. ಒಳ್ಳೆಯ ಕೆಲಸಕ್ಕೆ ಒಳ್ಳೆಯ ದರ ಕೊಡದೆ ವಾರಂಟಿ ಮಾತ್ರ ಕೇಳುವುದು ಅನ್ಯಾಯ ಎಂದು ಮನೆ ಕಟ್ಟಿಸುವವರಿಗೂ ಹೇಳುತ್ತೇನೆ.

ಆದರೆ ಪರಿಹಾರ ಇರುವುದು ಹಣವನ್ನು ಮೊದಲೇ ಬಿಡಿಸಿ ತೋರಿಸುವುದರಲ್ಲಿ. ಕೊಟೇಶನ್‌ನಲ್ಲಿ "ಮಳೆಗಾಲದ ನಿರ್ವಹಣೆ" ಎಂದು ಪ್ರತ್ಯೇಕ ಸಾಲು ಬರೆಯಿರಿ. ಒಟ್ಟು ಮೊತ್ತದಲ್ಲಿ ಶೇ 2 ಅಥವಾ 3ರಷ್ಟನ್ನು ಮನೆಯವರೇ ತಮ್ಮಲ್ಲಿ ಇಟ್ಟುಕೊಂಡು ಮಳೆಗಾಲ ಕಳೆದ ಮೇಲೆ ಕೊಡಲಿ. ಅಂಗಡಿಯವನಿಂದ ವಾರಂಟಿ ಪತ್ರ ಬರದೆ ಅವನ ಕೊನೆಯ ಬಾಕಿ ತೀರಿಸಬೇಡಿ. ವಾರಂಟಿ ಎಂದರೆ ಬಹುತೇಕ ಸಾಮಾನಿನ ಬೆಲೆ ಮಾತ್ರ, ಕೆರೆದು ತೆಗೆದು ಮತ್ತೆ ಹಾಕುವ ಕೂಲಿ ಅದರಲ್ಲಿ ಸೇರುವುದಿಲ್ಲ. ಈ ಕೂಲಿ ಯಾರದ್ದೆಂದು ಮೊದಲ ದಿನವೇ ಬರೆಯಿರಿ. ಆಮೇಲಿನ ಜಗಳದಲ್ಲಿ ಮುಕ್ಕಾಲು ಪಾಲು ಇದೇ ಕೂಲಿಯ ಮೇಲೆ ನಡೆಯುವುದು. ಹೀಗೆ ಬರೆದಿದ್ದಕ್ಕೆ ಎರಡು ಕೆಲಸ ನನ್ನ ಕೈ ತಪ್ಪಿವೆ. ಉಳಿದವರು ತಮ್ಮ ನೆಂಟರನ್ನೂ ಕರೆತಂದಿದ್ದಾರೆ.

6. "ಹೋಗಿ ನೋಡಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ. ಬೇಕಿದ್ದರೆ ಕೋರ್ಟಿಗೆ ಹೋಗಲಿ."

ಹೋಗಿ ನೋಡುವುದು ತಪ್ಪೊಪ್ಪಿಗೆಯಾಗುವುದಿಲ್ಲ. ಕಂಡದ್ದನ್ನು ಬರೆದು, ಫೋಟೊ ತೆಗೆದು, ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡಿದರೆ ಅದು ಇಬ್ಬರಿಗೂ ಕಾವಲು. ಫೋನ್ ತೆಗೆಯದೆ ಕೂತವನ ಪರವಾಗಿ ಮಾತಾಡಲು ಯಾವ ಕಾಗದವೂ ಇರುವುದಿಲ್ಲ.

ಕೋರ್ಟಿನ ಮಾತು ಹೇಳಿ ಹೆದರಿಸುವ ಕಾಲ ಹೋಯಿತು. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ತಾನು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ಆನ್‌ಲೈನ್‌ನಲ್ಲೂ ಕೊಡಬಹುದು. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 20ರಿಂದ 50 ಲಕ್ಷದವರೆಗೆ 1,000 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶ. ಸಾಮಾನನ್ನು ಲ್ಯಾಬಿಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಮನೆಯವರು ಆ ಮೆಟ್ಟಿಲು ಹತ್ತುವುದು ಸೋರಿದ ತಾರಸಿಗಿಂತ ಹೆಚ್ಚಾಗಿ, ಹತ್ತು ಸಲ ಮಾಡಿದರೂ ಎತ್ತದ ಫೋನಿಗಾಗಿ.

ಕೊನೆಯದಾಗಿ

ಈ ಮಾತೆಲ್ಲ ದೊಡ್ಡ ಕಾರ್ಯಕ್ರಮವೇನಲ್ಲ. ಪ್ರತಿ ಮನೆಗೂ ನಾನು ಈಗ ಒಂದು ಫೈಲ್ ಇಡುತ್ತೇನೆ. ಸಿಮೆಂಟಿನ ವಾರ, ಕಬ್ಬಿಣದ ಟೆಸ್ಟ್ ಸರ್ಟಿಫಿಕೇಟ್, ಪೈಪು, ಪ್ಲೈ, ಬಣ್ಣದ ಬಿಲ್ಲು, ತಾರಸಿಗೆ ನೀರು ನಿಲ್ಲಿಸಿ ಪರೀಕ್ಷಿಸಿದ ದಿನದ ಫೋಟೊ, ಕೋಟಿಂಗ್ ಹೊಡೆದವನ ಹೆಸರು. ಗೃಹಪ್ರವೇಶದ ದಿನ ಹಾಲುಕ್ಕಿದ ಮೇಲೆ ಬೀಗದ ಕೈ ಜೊತೆ ಆ ಫೈಲನ್ನೂ ಮನೆಯ ಹೆಣ್ಣುಮಗಳ ಕೈಗೆ ಕೊಡುತ್ತೇನೆ. ಇನ್ನೊಂದು ಪ್ರತಿ ನನ್ನಲ್ಲಿರುತ್ತದೆ. ಮಾಡಲು ಹಿಡಿಯುವುದು ದಿನಕ್ಕೆ ಹತ್ತು ನಿಮಿಷ.

ಮದುವೆ ಊಟದಲ್ಲಿ ನನ್ನನ್ನು ಬೈದ ಗೆಳೆಯರಲ್ಲಿ ನನ್ನದೊಂದೇ ಕೋರಿಕೆ. ನಿಮ್ಮ ಮುಂದಿನ ಸೈಟಿನಲ್ಲಿ ಇದನ್ನು ಒಂದು ಸಲ ಮಾಡಿ ನೋಡಿ. ಕೋಟಿಂಗ್ ಮುಗಿದ ಸಂಜೆ ಕೆಲಸದವರು ಖಾಲಿ ಬಕೆಟ್ ಕೇಳಿಯೇ ಕೇಳುತ್ತಾರೆ, ಅದು ಅವರಿಗೆ ಬೇಕು. ಸಂತೋಷವಾಗಿ ಕೊಡಿ. ಮುಚ್ಚಳದ ಮೇಲಿನ ಬ್ಯಾಚ್ ನಂಬರನ್ನು ಮಾತ್ರ ಅವರೆದುರೇ ಬರೆದುಕೊಂಡು, ಫೋಟೊ ತೆಗೆದು, ಆಮೇಲೆ ಕೊಡಿ. ಅಂದು ಯಾದಗಿರಿಯ ಆ ತಾಯಿ ಮುಚ್ಚಳ ಜೋಪಾನವಾಗಿ ಇಟ್ಟುಕೊಂಡಿದ್ದಳು, ಅದರಿಂದ ಒಂದು ಮನೆಯ ಸೂರು ಉಳಿಯಿತು. ಜೋಪಾನ ಮಾಡಬೇಕಾದದ್ದು ನನ್ನ ಕೆಲಸವಾಗಿತ್ತು.